ಅಪ್ಪನ ಎಕೋ ರಿಪೋರ್ಟಲ್ಲಿ ಇಎಫ್ 60 ಇದೆ, ಹಾಗಾದ್ರೆ ಹೃದಯ ಚೆನ್ನಾಗಿದೆ ಅಂತಲೇ ಅರ್ಥನಾ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ತೀರ್ಥಹಳ್ಳಿ ಕಡೆ ಅಡಿಕೆ ತೋಟ. ನಾನು ಇರುವುದು ಬೆಂಗಳೂರಲ್ಲಿ. ಆರು ವರ್ಷದ ಹಿಂದೆ ಅಪ್ಪನಿಗೆ ಬಿಪಿ ಇದೆ ಅಂತ ಗೊತ್ತಾಯಿತು. ಎರಡು ವರ್ಷ ಮಾತ್ರೆ ತಗೊಂಡರು. ಆಮೇಲೆ "ನಾರ್ಮಲ್ ಬಂತಲ್ಲ" ಅಂತ ತಾವೇ ನಿಲ್ಲಿಸಿಬಿಟ್ಟಿದ್ದಾರೆ. ಅಮ್ಮನಿಗೂ ಹೇಳಿರಲಿಲ್ಲ.

ಮೊನ್ನೆ ಊರಿಗೆ ಹೋಗಿದ್ದೆ. ಕೆಳಗಿನ ತೋಟದಿಂದ ಮನೆಗೆ ಹತ್ತುವ ದಾರಿಯಲ್ಲಿ ಒಂದು ಚಪ್ಪಡಿ ಕಲ್ಲಿದೆ. ಚಿಕ್ಕಂದಿನಲ್ಲಿ ನಾವು ಮಕ್ಕಳು ಅಲ್ಲಿ ಆಡುತ್ತಿದ್ದೆವು. ಈಗ ಅಪ್ಪ ಅಲ್ಲಿ ಕೂತು, ಉಸಿರು ಸುಧಾರಿಸಿಕೊಂಡು, ಆಮೇಲೆ ಏಳುತ್ತಾರೆ. "ಯಾವಾಗಿಂದ ಅಪ್ಪ?" ಅಂದೆ. "ವಯಸ್ಸಾಯ್ತಲ್ಲ ಮಗಾ" ಅಂದರು. ಬಿಪಿ ನೋಡಿಸಿದರೆ 168/102.

ಒಂದು ಕ್ಲಿನಿಕ್‌ನಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ರಿಪೋರ್ಟಲ್ಲಿ ಹೀಗಿದೆ: ಐವಿಎಸ್ 13 ಮಿ.ಮೀ., ಕಾನ್ಸೆಂಟ್ರಿಕ್ ಎಲ್‌ವಿಎಚ್, ಗ್ರೇಡ್ 1 ಡಯಾಸ್ಟೋಲಿಕ್ ಡಿಸ್‌ಫಂಕ್ಷನ್, ಎಲ್‌ಎ 42 ಮಿ.ಮೀ., ಇಎಫ್ 60%. ಅಲ್ಲಿನವರು ಒಂದೇ ಮಾತು ಹೇಳಿದರು. "ಪಂಪಿಂಗ್ ಚೆನ್ನಾಗಿದೆ, ಯೋಚನೆ ಮಾಡ್ಬೇಡಿ." ಅಪ್ಪ ಅದನ್ನೇ ಹಿಡಿದುಕೊಂಡಿದ್ದಾರೆ. ಪಂಪಿಂಗ್ ಚೆನ್ನಾಗಿದ್ದರೆ ಮಾತ್ರೆ ಯಾಕೆ ಅಂತ ಕೇಳುತ್ತಾರೆ. ನನಗೂ ಉತ್ತರ ಗೊತ್ತಿಲ್ಲ. ಪಂಪಿಂಗ್ ಸರಿ ಇದ್ದರೆ ಆ ಕಲ್ಲಿನ ಮೇಲೆ ಯಾಕೆ ಕೂರುತ್ತಾರೆ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಎಕೋರೂಮ್

ತೋಟದಮನೆ ಅವರೇ, ನಾನು 14 ವರ್ಷದಿಂದ ಎಕೋ ಟೆಕ್ನಿಷಿಯನ್. ಔಷಧದ ವಿಷಯ ನಾನು ಮಾತಾಡಲ್ಲ, ಅದು ಡಾಕ್ಟರ ಕೆಲಸ. ಆ ನಂಬರ್‌ಗಳು ಏನು ಅಂತ ಹೇಳಬಲ್ಲೆ.

ಎಕೋ ಮಾಡುವಾಗ ಅಪ್ಪನನ್ನು ಎಡ ಮಗ್ಗುಲಿಗೆ ಮಲಗಿಸಿ, ಎಡಗೈ ತಲೆ ಕೆಳಗೆ ಇಟ್ಟುಕೊಳ್ಳಿ ಅಂದಿರುತ್ತಾರೆ. ತಣ್ಣಗಿನ ಜೆಲ್ ಹಚ್ಚಿ ಎದೆಯ ಮೇಲೆ ಪ್ರೋಬ್ ಇಡುತ್ತೇವೆ. ಸ್ಕ್ರೀನಲ್ಲಿ ಹೃದಯ ಬಡಿಯುತ್ತಿರುತ್ತದೆ. ಎಡಗಡೆಯ ಕೆಳಗಿನ ಕೋಣೆ ಇದೆಯಲ್ಲ, ಇಡೀ ದೇಹಕ್ಕೆ ರಕ್ತ ತಳ್ಳುವುದು ಅದೇ. ಅದಕ್ಕೂ ಬಲಗಡೆಯ ಕೋಣೆಗೂ ನಡುವಿನ ಗೋಡೆಯೇ ಐವಿಎಸ್. ಗೋಡೆಯ ಈ ಅಂಚಿಗೊಂದು ಗುರುತು, ಆ ಅಂಚಿಗೊಂದು ಗುರುತು ಇಟ್ಟು ಅಳೆಯುತ್ತೇವೆ. ಗಂಡಸರಲ್ಲಿ 6ರಿಂದ 10 ಮಿ.ಮೀ. ಇರಬೇಕು. ಅಪ್ಪನದು 13. ಗೋಡೆ ದಪ್ಪ ಆಗಿದೆ. ಎಲ್‌ವಿಎಚ್ ಅಂದರೆ ಅದೇ. ಸುತ್ತಲೂ ಸಮವಾಗಿ ದಪ್ಪ ಆಗಿ, ಒಳಗಿನ ಜಾಗ ಹಿಗ್ಗದೆ ಇದ್ದರೆ ಕಾನ್ಸೆಂಟ್ರಿಕ್ ಅಂತ ಬರೆಯುತ್ತೇವೆ.

ಎಲ್‌ಎ ಅಂದರೆ ಎಡಗಡೆಯ ಮೇಲಿನ ಕೋಣೆ. ಸಾಮಾನ್ಯವಾಗಿ 40 ಮಿ.ಮೀ. ಒಳಗೆ ಇರುತ್ತದೆ. 42 ಅಂದರೆ ಸ್ವಲ್ಪ ಹಿಗ್ಗಿದೆ. ತುಂಬಾ ಅಲ್ಲ. ಆದರೆ ಹಿಗ್ಗಲು ಶುರುವಾಗಿದೆ.

ಈಗ ಇಎಫ್. ಇದರ ಬಗ್ಗೆ ಜನರಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಇಎಫ್ ಅಂದರೆ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಹೊರಗೆ ಹೋಯಿತು ಅನ್ನುವ ಶೇಕಡಾ ಲೆಕ್ಕ. ಎಷ್ಟು ತುಂಬಿತು ಅಂತ ಅದು ಹೇಳಲ್ಲ. ಒಂದು ಹೃದಯದಲ್ಲಿ 120 ಮಿ.ಲೀ. ತುಂಬಿ 72 ಹೊರಗೆ ಹೋಯಿತು ಅಂದುಕೊಳ್ಳಿ. ಇಎಫ್ 60. ಇನ್ನೊಂದು ಹೃದಯ ದಪ್ಪಗಾಗಿ, ಬಿಗಿಯಾಗಿ, 80 ಮಾತ್ರ ತುಂಬಿಕೊಂಡು 48 ತಳ್ಳಿತು. ಅದರ ಇಎಫ್ ಕೂಡ 60! ನಿಮಿಷಕ್ಕೆ 70 ಬಡಿತ ಅಂತ ಗುಣಿಸಿ ನೋಡಿ. ಮೊದಲನೆಯದು 5 ಲೀಟರ್ ಕೊಡುತ್ತದೆ, ಎರಡನೆಯದು 3.4 ಲೀಟರ್ ಕೊಡುತ್ತದೆ. ರಿಪೋರ್ಟಲ್ಲಿ ಎರಡಕ್ಕೂ ಒಂದೇ ನಂಬರ್. ಅರ್ಥ ಆಗಲಿ ಅಂತ ತುಸು ದೊಡ್ಡ ವ್ಯತ್ಯಾಸ ಹಾಕಿದ್ದೇನೆ. ಅಪ್ಪನದು ಇಷ್ಟೇ ಅಂತ ಅಲ್ಲ.

ತೋಟದಮನೆ

ಅಯ್ಯೋ, ಇದನ್ನ ಯಾರೂ ಹೇಳಲೇ ಇಲ್ಲ. ಆದರೆ ಸ್ನಾಯು ದಪ್ಪ ಆದರೆ ಶಕ್ತಿ ಜಾಸ್ತಿ ಆಗಬೇಕಲ್ವಾ? ನಮ್ಮ ಕೊನೆಗಾರನ ತೋಳು ನೋಡಿದರೆ ಹಾಗೇ ಅನ್ನಿಸುತ್ತದೆ.

ತಾಲೂಕುಡಾಕ್ಟರ್

ಒಳ್ಳೆ ಪ್ರಶ್ನೆ. ನನ್ನ ಹತ್ತಿರ ಬರುವವರಲ್ಲಿ ಬಹಳ ಜನಕ್ಕೆ ಇದೇ ಅನುಮಾನ.

ಕೊನೆಗಾರ ಮರ ಹತ್ತುತ್ತಾನೆ, ಇಳಿಯುತ್ತಾನೆ, ಊಟ ಮಾಡುತ್ತಾನೆ, ರಾತ್ರಿ ಮಲಗುತ್ತಾನೆ. ತೋಳಿಗೆ ವಿಶ್ರಾಂತಿ ಸಿಗುತ್ತದೆ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಬಿಪಿ 168 ಇದ್ದರೆ ಅಷ್ಟೂ ಸಲ ಆ ಒತ್ತಡವನ್ನು ಎದುರಿಸಿಯೇ ರಕ್ತ ತಳ್ಳಬೇಕು. ಅಪ್ಪ ನಿದ್ದೆ ಮಾಡುವಾಗಲೂ ಬಿಡುವಿಲ್ಲ. ನಿಮ್ಮ ತೋಟದಲ್ಲಿ ಗೇಟ್ ವಾಲ್ವ್ ಅರ್ಧ ಮುಚ್ಚಿ ಮೋಟರ್ ಓಡಿಸಿದ ಹಾಗೆ.  ಆದರೆ ಹೃದಯ ಜೀವ ಇರುವ ಅಂಗ, ಸೋತುಹೋಗುವ ಮೊದಲು ತನ್ನನ್ನು ತಾನೇ ಗಟ್ಟಿ ಮಾಡಿಕೊಳ್ಳುತ್ತದೆ. ಗೋಡೆ ದಪ್ಪ ಮಾಡಿಕೊಂಡರೆ ಪ್ರತಿ ಎಳೆಯ ಮೇಲೆ ಬೀಳುವ ಭಾರ ಕಡಿಮೆ ಆಗುತ್ತದೆ. ಹಾಗಾಗಿ ಶುರುವಿನಲ್ಲಿ ಅದು ಹೃದಯದ ಜಾಣತನವೇ.

ತೊಂದರೆ ಬರುವುದು ಆಮೇಲೆ. ತೋಳಿನ ಸ್ನಾಯು ಹೊರಗೆ ಉಬ್ಬುತ್ತದೆ. ಹೃದಯದ ಗೋಡೆ ಒಳಗಿನ ಜಾಗ ತಿನ್ನುತ್ತದೆ. ಸ್ನಾಯು ಬೆಳೆದಷ್ಟು ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಬೆಳೆಯುವುದಿಲ್ಲ. ಎಳೆಗಳ ನಡುವೆ ನಾರು ತುಂಬಿಕೊಳ್ಳುತ್ತದೆ. ಗಾಯ ಮಾಗಿದ ಜಾಗದಲ್ಲಿ ಚರ್ಮ ಬಿರುಸಾಗುತ್ತದಲ್ಲ, ಹಾಗೆ. ಆಮೇಲೆ ಹೃದಯ ಮುದುಡುತ್ತದೆ, ಆದರೆ ಸಲೀಸಾಗಿ ಹಿಗ್ಗುವುದಿಲ್ಲ. ಹಿಗ್ಗಿದರೆ ತಾನೇ ರಕ್ತ ತುಂಬುವುದು? ಡಯಾಸ್ಟೋಲಿಕ್ ಡಿಸ್‌ಫಂಕ್ಷನ್ ಅಂದರೆ ಇದೇ, ಹಿಗ್ಗಿ ತುಂಬಿಕೊಳ್ಳುವ ಕೆಲಸದಲ್ಲಿ ಅಡಚಣೆ.

ಈಗ ಕಲ್ಲಿನ ವಿಷಯಕ್ಕೆ ಬನ್ನಿ. ಕೂತಿದ್ದಾಗ ನಿಧಾನಕ್ಕೆ ತುಂಬಿಕೊಳ್ಳಲು ಸಮಯ ಇರುತ್ತದೆ. ದಿಬ್ಬ ಹತ್ತುವಾಗ ಬಡಿತ ಜೋರಾಗುತ್ತದೆ. ಎರಡು ಬಡಿತದ ನಡುವಿನ ಬಿಡುವು ಕಡಿಮೆ ಆಗುತ್ತದೆ. ಬಿಗಿಯಾದ ಹೃದಯ ಅಷ್ಟರಲ್ಲಿ ತುಂಬಿಕೊಳ್ಳುವುದಿಲ್ಲ. ರಕ್ತ ಹಿಂದಕ್ಕೆ, ಶ್ವಾಸಕೋಶದ ಕಡೆ ಒತ್ತುತ್ತದೆ. ಏದುಸಿರು ಬರುತ್ತದೆ. ಅಪ್ಪನ ಏದುಸಿರಿಗೆ ಇದೇ ಕಾರಣ ಅಂತ ನಾನು ನೋಡದೆ ಹೇಳಲಾರೆ. ರಕ್ತಹೀನತೆ, ಥೈರಾಯ್ಡ್, ಶ್ವಾಸಕೋಶ, ಹೃದಯದ ರಕ್ತನಾಳದ ಅಡಚಣೆ ಇವನ್ನೂ ನೋಡಬೇಕು. ಆದರೆ ಇಎಫ್ ಚೆನ್ನಾಗಿದೆ ಅನ್ನುವ ಕಾರಣಕ್ಕೆ ಹೃದಯವನ್ನು ಲೆಕ್ಕದಿಂದ ಕೈಬಿಡುವಂತಿಲ್ಲ. ಇಎಫ್ ಸರಿ ಇದ್ದೇ ಹಾರ್ಟ್ ಫೇಲ್ಯೂರ್, ಅಂದರೆ ದೇಹಕ್ಕೆ ಬೇಕಾದಷ್ಟು ರಕ್ತ ಒದಗಿಸಲಾಗದೆ ಹೃದಯ ಸೋಲುವುದು, ಆಗುವುದುಂಟು. ಬಿಪಿ ಇರುವವರಲ್ಲಿ ಅದು ಅಪರೂಪ ಅಲ್ಲ.

ಒಂದು ವಾರದೊಳಗೆ ಒಬ್ಬ ಫಿಸಿಷಿಯನ್‌ಗೋ ಹೃದಯ ತಜ್ಞರಿಗೋ ತೋರಿಸಿ. ರಾತ್ರಿ ಮಲಗಿದರೆ ಉಸಿರು ಕಟ್ಟುವುದು, ಎದ್ದು ಕೂತರೆ ಆರಾಮ ಅನ್ನಿಸುವುದು, ಎದೆ ಹಿಂಡಿದ ಹಾಗೆ ಆಗುವುದು, ಇದರಲ್ಲಿ ಯಾವುದಾದರೂ ಇದ್ದರೆ ವಾರ ಕಾಯಬೇಡಿ. ಅವತ್ತೇ ಹೊರಡಿ.

ಹಳೇಮೇಷ್ಟ್ರು

ಡಾಕ್ಟ್ರೇ, ನನಗೆ 74. ನಾವು ಚಿಕ್ಕವರಿದ್ದಾಗ ನಮ್ಮೂರ ವೈದ್ಯರು "ವಯಸ್ಸಿಗೆ 100 ಸೇರಿಸಿ, ಅಷ್ಟು ಬಿಪಿ ಇದ್ದರೆ ಸಹಜ" ಅನ್ನುತ್ತಿದ್ದರು. ಆ ಲೆಕ್ಕದಲ್ಲಿ ಇವರ ತಂದೆಗೆ 161 ಇರಬಹುದು. ನನಗೆ 174 ಇರಬಹುದು. ಆ ವೈದ್ಯರು ದಡ್ಡರಲ್ಲ, ನೂರಾರು ಜೀವ ಉಳಿಸಿದವರು. ಈಗಿನವರು ಗೆರೆಯನ್ನು ಕೆಳಕ್ಕೆ ಇಳಿಸುತ್ತಲೇ ಇದ್ದಾರೆ. ಯಾಕೆ ಅಂತ ನಿಜವಾಗಿ ತಿಳಿಯಬೇಕು ಅನ್ನಿಸಿ ಕೇಳುತ್ತಿದ್ದೇನೆ.

ದೂರದೂರು

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ಇರುವ ಊರು ನಾನಿರುವ ಊರಿನಿಂದ ದೂರವಿಲ್ಲ. ನಾನು ಹಾಸನದವನು, ಈಗ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದೇನೆ. ಪಕ್ಕದಲ್ಲೇ ಫ್ರೇಮಿಂಗ್‌ಹ್ಯಾಮ್ ಅಂತ ಊರು. ಈ ಕತೆ ನನ್ನ ಮನಸ್ಸಿಗೆ ತುಂಬಾ ಹತ್ತಿರ. ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ವೈದ್ಯರು ಹೇಳಿದ್ದನ್ನೇ ಆಗ ಜಗತ್ತೆಲ್ಲ ನಂಬಿತ್ತು. ವಯಸ್ಸಾದ ಹಾಗೆ ರಕ್ತನಾಳ ಗಟ್ಟಿಯಾಗುತ್ತದೆ, ಅದರಲ್ಲಿ ರಕ್ತ ಹರಿಸಲು ಒತ್ತಡ ಬೇಕೇ ಬೇಕು, ಇಳಿಸಿದರೆ ಅಪಾಯ ಅಂತ ದೊಡ್ಡ ದೊಡ್ಡ ಡಾಕ್ಟರೇ ಅಂದುಕೊಂಡಿದ್ದರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನೇ ನೋಡಿ. 1937ರಲ್ಲಿ ಅವರ ಬಿಪಿ 162/98. 1941ರಲ್ಲಿ 188/105. ಅವರ ಖಾಸಗಿ ವೈದ್ಯರು ಕಿವಿ ಮೂಗು ಗಂಟಲಿನ ತಜ್ಞರು. ವಯಸ್ಸಿಗೆ ತಕ್ಕ ಹಾಗೆ ಆರೋಗ್ಯವಾಗಿದ್ದಾರೆ ಅನ್ನುತ್ತಲೇ ಇದ್ದರು. 1944ರ ಮಾರ್ಚ್‌ನಲ್ಲಿ ಹೋವರ್ಡ್ ಬ್ರೂಯೆನ್ ಅನ್ನುವ ಹೃದಯ ತಜ್ಞರು ಪರೀಕ್ಷೆ ಮಾಡಿದರು. ಬಿಪಿ 186/108, ಹೃದಯ ದೊಡ್ಡದಾಗಿದೆ, ಶ್ವಾಸಕೋಶದಲ್ಲಿ ನೀರಿನ ಸದ್ದು. ಹಾರ್ಟ್ ಫೇಲ್ಯೂರ್ ಶುರುವಾಗಿತ್ತು. ಆಗ ಕೈಯಲ್ಲಿದ್ದ ಮದ್ದು ಬಹಳ ಕಡಿಮೆ. ಹೃದಯದ ಬಡಿತಕ್ಕೆ ಬಲ ಕೊಡುವ ಡಿಜಿಟಾಲಿಸ್ ಕೊಟ್ಟರು. ಉಪ್ಪು, ಸಿಗರೇಟು ಕಡಿಮೆ ಮಾಡಿಸಿದರು. ವಿಶ್ರಾಂತಿ ಹೇಳಿದರು. ಮಹಾಯುದ್ಧದ ನಡುವೆ ಎಲ್ಲಿಯ ವಿಶ್ರಾಂತಿ. 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗದಲ್ಲಿ ಭಯಂಕರ ನೋವು ಅಂದವರು ಕುಸಿದರು. ಆಗ ಬಿಪಿ 300/190. ಮಿದುಳಿನಲ್ಲಿ ರಕ್ತಸ್ರಾವ. ವಯಸ್ಸು 63. ತೋಟದಮನೆ ಅವರ ತಂದೆಗಿಂತ ಎರಡೇ ವರ್ಷ ಜಾಸ್ತಿ.

ಮೂರು ವರ್ಷದ ನಂತರ, 1948ರಲ್ಲಿ, ಫ್ರೇಮಿಂಗ್‌ಹ್ಯಾಮ್‌ನಲ್ಲಿ ಆ ದೊಡ್ಡ ಅಧ್ಯಯನ ಶುರುವಾಯಿತು. 5,209 ಜನ ಸೇರಿದರು. ರೋಗಿಗಳಲ್ಲ, ಸಾಮಾನ್ಯ ಜನ. ಎರಡು ವರ್ಷಕ್ಕೊಮ್ಮೆ ಬಂದು ಬಿಪಿ, ಇಸಿಜಿ, ರಕ್ತ ಪರೀಕ್ಷೆ ಮಾಡಿಸಿಕೊಂಡರು. ಯಾರಿಗೆ ಏನಾಗುತ್ತದೆ ಅಂತ ವರ್ಷಗಟ್ಟಲೆ ಬರೆದಿಟ್ಟರು. ಬಿಪಿ ಜಾಸ್ತಿ ಇದ್ದವರಿಗೆ ಹೃದಯದ ಕಾಯಿಲೆಯೂ ಜಾಸ್ತಿ ಅಂತ ಸಂಖ್ಯೆಯಲ್ಲಿ ಕಂಡಿತು. ಮುಂದೆ 1996ರಲ್ಲಿ ಲೆಕ್ಕ ಹಾಕಿದಾಗ, ಅಲ್ಲಿ ಹೊಸದಾಗಿ ಹಾರ್ಟ್ ಫೇಲ್ಯೂರ್ ಆದವರಲ್ಲಿ 91% ಜನಕ್ಕೆ ಮೊದಲೇ ಬಿಪಿ ಇತ್ತು. ಮೇಷ್ಟ್ರೇ, ಆ ಹಳ್ಳಿಯ ವೈದ್ಯರಿಗೆ ಈ ಅಂಕಿ ಕೈಗೆ ಸಿಕ್ಕಿರಲಿಲ್ಲ, ಅಷ್ಟೇ.

ತಾಲೂಕುಡಾಕ್ಟರ್

ದೂರದೂರು ಅವರು ಚೆನ್ನಾಗಿ ಹೇಳಿದರು. ಮೇಷ್ಟ್ರೇ, ನಿಮ್ಮ ವಯಸ್ಸಿನವರಿಗೂ ಇಳಿಸಿದರೆ ಲಾಭ ಇದೆಯಾ ಅನ್ನುವುದನ್ನೂ ನೋಡಿದ್ದಾರೆ. 80 ದಾಟಿದ 3,845 ಜನರ ಮೇಲೆ ನಡೆದ ಹೈವೆಟ್ ಅಧ್ಯಯನ 2008ರಲ್ಲಿ ಬಂತು. ಮೇಲಿನ ಬಿಪಿ 160 ದಾಟಿದವರು ಅವರೆಲ್ಲ. ಮಾತ್ರೆ ತಗೊಂಡವರಲ್ಲಿ ಹಾರ್ಟ್ ಫೇಲ್ಯೂರ್ 64% ಕಡಿಮೆ ಆಯಿತು. ಹೃದಯದ ಮಟ್ಟಿಗೆ ಇದು ದೊಡ್ಡ ಲಾಭ. ವಯಸ್ಸಾದವರಲ್ಲಿ ನಿಧಾನಕ್ಕೆ ಇಳಿಸಬೇಕು. ಎದ್ದು ನಿಂತಾಗ ತಲೆ ಸುತ್ತುತ್ತದಾ ಅಂತ ನಿಲ್ಲಿಸಿಯೂ ಬಿಪಿ ನೋಡಬೇಕು. ನಿಮ್ಮದು ಈಗ ಎಷ್ಟಿದೆ?

ಹಳೇಮೇಷ್ಟ್ರು

ಎರಡು ವರ್ಷದಿಂದ ನೋಡಿಸಿಲ್ಲ. ನಾಳೆ ಬೆಳಗ್ಗೆ ಹೋಗುತ್ತೇನೆ. ರೂಸ್‌ವೆಲ್ಟರ ಸಂಗತಿ ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಈ ಭಾಗ ಗೊತ್ತಿರಲಿಲ್ಲ. ಧನ್ಯವಾದ.

ಲಾರಿಅಣ್ಣ

ನಾನು ಲಾರಿ ಓಡಿಸ್ತೀನಿ. 38 ವಯಸ್ಸು. ಲೈಸೆನ್ಸ್ ಕೆಲಸಕ್ಕೆ ಹೋದಾಗ ಬಿಪಿ 150/100 ಅಂದ್ರು. ನಂಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಏನೂ ಇಲ್ಲ. ಇದ್ದರೆ ಗೊತ್ತಾಗ್ಬೇಕಲ್ವಾ?

ಎಕೋರೂಮ್

ಅಣ್ಣ, ಗೊತ್ತಾಗಲ್ಲ. ಅದೇ ಇದರ ಕಷ್ಟ. 13, 14 ಮಿ.ಮೀ. ಗೋಡೆ ಇರುವವರು ಜೆಲ್ ಒರೆಸಿಕೊಳ್ಳುತ್ತಾ "ನಂಗೇನೂ ಆಗ್ತಿಲ್ಲ, ಮನೆಯವರ ಒತ್ತಾಯಕ್ಕೆ ಬಂದೆ" ಅನ್ನುತ್ತಾರೆ. ವಾರಕ್ಕೊಮ್ಮೆಯಾದರೂ ಈ ಮಾತು ಕೇಳುತ್ತೇನೆ. ಸ್ಕ್ರೀನ್ ನನ್ನ ಕಡೆ ತಿರುಗಿರುತ್ತದೆ, ಅವರಿಗೆ ಕಾಣುವುದಿಲ್ಲ. ನನಗೆ ಆಗ ಬಹಳ ಸಂಕಟ ಆಗುತ್ತದೆ.

ತಾಲೂಕುಡಾಕ್ಟರ್

ಲಾರಿಅಣ್ಣ, ಒಂದೇ ಸಲದ ರೀಡಿಂಗ್‌ನಿಂದ ಬಿಪಿ ಇದೆ ಅಂತ ಹೇಳಲ್ಲ. ಇನ್ನೊಂದು ದಿನ ಮತ್ತೆ ನೋಡಿಸಿ. ಆದರೆ 38ಕ್ಕೆ 150/100 ನಿಜವಾಗಿದ್ದರೆ ಅದು ಸಣ್ಣ ವಿಷಯ ಅಲ್ಲ. ಮುಂದೆ 30 ವರ್ಷ ಹೃದಯ ಆ ಭಾರ ಹೊರಬೇಕಾಗುತ್ತದೆ. 2002ರಲ್ಲಿ 61 ಅಧ್ಯಯನಗಳ 10 ಲಕ್ಷ ಜನರ ಮಾಹಿತಿ ಒಟ್ಟು ಮಾಡಿ ನೋಡಿದ್ದಾರೆ. 40ರಿಂದ 69 ವಯಸ್ಸಿನವರಲ್ಲಿ, 115/75ರಿಂದ ಮೇಲಕ್ಕೆ ಪ್ರತಿ 20/10 ಏರಿದಾಗಲೂ ಹೃದಯಾಘಾತ ಮತ್ತು ಪಾರ್ಶ್ವವಾಯುವಿನಿಂದ ಸಾಯುವ ಅಪಾಯ ಎರಡು ಪಟ್ಟು ಆಗುತ್ತಾ ಹೋಗುತ್ತದೆ. ನಿಮ್ಮ ವಯಸ್ಸಿಗೆ ಕಿಡ್ನಿಯಿಂದಲೋ ಹಾರ್ಮೋನಿನಿಂದಲೋ ಬಿಪಿ ಬಂದಿದೆಯಾ ಅಂತಲೂ ನೋಡಬೇಕು. ಜೋರಾಗಿ ಗೊರಕೆ ಹೊಡೆಯುತ್ತೀರಾ ಅಂತ ಮನೆಯವರನ್ನು ಕೇಳಿ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವವರಿಗೂ ಬಿಪಿ ಏರುತ್ತದೆ. ಡ್ರೈವರ್‌ಗಳಲ್ಲಿ ಅದು ಇನ್ನೊಂದು ಕಾರಣಕ್ಕೂ ಅಪಾಯ. ಹಗಲು ತೂಕಡಿಕೆ.

ಕಡಲಕರೆ

ನನ್ನ ಅಮ್ಮನ ಕತೆ ಹೇಳಬೇಕು ಅನ್ನಿಸಿತು. ನಾವು ಕುಂದಾಪುರ ಕಡೆಯವರು. ಅಮ್ಮನಿಗೆ 20 ವರ್ಷದಿಂದ ಬಿಪಿ. ಮಾತ್ರೆ ಒಮ್ಮೆ ತಗೊಂಡರೆ ತಗೊಂಡರು, ಇಲ್ಲಾಂದ್ರೆ ಇಲ್ಲ. ಹೋದ ವರ್ಷ ಒಂದು ಬೆಳಗ್ಗೆ ದೋಸೆ ಹೊಯ್ಯುತ್ತಾ ಇದ್ದವರ ಕೈಯಿಂದ ಸಟ್ಟುಗ ಬಿತ್ತು. ಎತ್ತಲು ಹೋದರು, ಬೆರಳು ಹಿಡಿಯಲಿಲ್ಲ. ಮಾತು ತೊದಲಿತು. ಆಸ್ಪತ್ರೆಗೆ ಒಂದು ಗಂಟೆಯೊಳಗೆ ಸೇರಿಸಿದೆವು, ದೇವರ ದಯೆ. ಈಗ ಮಾತು ಬಂದಿದೆ. ಬಲಗೈ ಇನ್ನೂ ಪೂರ್ತಿ ಸರಿಯಿಲ್ಲ.

ಮಿದುಳಿಗೆ ಏನೋ ಆಗಿದೆ ಅಂತ ನಾವು ಅಂದುಕೊಂಡರೆ, ಡಾಕ್ಟರು ಹೃದಯ ನೋಡಿದರು. ಎಡಗಡೆಯ ಮೇಲಿನ ಕೋಣೆ 46 ಮಿ.ಮೀ. ಹಿಗ್ಗಿದೆ, ಬಡಿತ ತಾಳ ತಪ್ಪಿದೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿದೆ ಅಂದರು. ಬಿಪಿಗೂ ಇದಕ್ಕೂ ಏನು ಸಂಬಂಧ ಅಂತ ನನಗೆ ಆಗ ಅರ್ಥ ಆಗಲಿಲ್ಲ. ಇಲ್ಲಿ ಎಲ್‌ಎ 42 ಅಂತ ನೋಡಿದ ಕೂಡಲೇ ಎದೆ ಧಸಕ್ ಅಂತು.

ತಾಲೂಕುಡಾಕ್ಟರ್

ಕಡಲಕರೆ ಅವರೇ, ಅಮ್ಮ ಬೇಗ ಪೂರ್ತಿ ಸುಧಾರಿಸಲಿ. ಸಂಬಂಧ ಹೀಗಿದೆ. ಕೆಳಗಿನ ಕೋಣೆ ಬಿಗಿಯಾದಾಗ ಮೇಲಿನ ಕೋಣೆ ಅದರೊಳಗೆ ರಕ್ತ ತುರುಕಬೇಕಾಗುತ್ತದೆ. ಮೇಲಿನ ಕೋಣೆಯ ಗೋಡೆ ತೆಳು. ಅದಕ್ಕೆ ದಪ್ಪ ಆಗಿ ತಡೆದುಕೊಳ್ಳುವ ತಾಕತ್ತಿಲ್ಲ. ಹಿಗ್ಗುತ್ತದೆ. ಹಿಗ್ಗಿದ ಗೋಡೆಯಲ್ಲಿ ವಿದ್ಯುತ್ ಸಂಕೇತ ದಾರಿ ತಪ್ಪುತ್ತದೆ. ಮುದುಡುವ ಬದಲು ಕೋಣೆ ಸುಮ್ನೆ ಅದುರುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಅನ್ನುತ್ತೇವೆ. ಆ ಕೋಣೆಗೆ ಕಿವಿಯ ಹಾಲೆಯಂಥ ಒಂದು ಸಣ್ಣ ಚೀಲ ಇದೆ. ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಇದು ಇದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ಅಮ್ಮನಿಗೆ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿರುತ್ತಾರೆ. ಒಂದು ದಿನವೂ ತಪ್ಪಿಸಬೇಡಿ.

ತೋಟದಮನೆ ಅವರೇ, 42ಕ್ಕೆ ಹೆದರಬೇಡಿ. ಈಗಲೇ ಗೊತ್ತಾಗಿದ್ದು ಒಳ್ಳೆಯದಾಯಿತು.

ಬೇರುನಾರು

ನಮ್ಮ ಅಜ್ಜ ಸರ್ಪಗಂಧದ ಬೇರು ತೇಯ್ದು ಕೊಡುತ್ತಿದ್ದರು. ಬಿಪಿ ಇಳಿಯುತ್ತಿತ್ತು. ಇದನ್ನು ಡಾಕ್ಟರುಗಳು ಒಪ್ಪುವುದಿಲ್ಲ ಅಂತ ಬೇಸರ. ಮಲೆನಾಡಲ್ಲೇ ಬೆಳೆಯುತ್ತದೆ. ಇವರ ತಂದೆಗೆ ಯಾಕೆ ಕೊಡಬಾರದು?

ತಾಲೂಕುಡಾಕ್ಟರ್

ಒಪ್ಪುತ್ತೇನೆ ಸ್ವಾಮಿ. ಬಿಪಿ ಇಳಿಯುತ್ತಿತ್ತು, ನಿಜ. ನಿಮ್ಮ ಅಜ್ಜನ ಮದ್ದಿಗೆ ದೊಡ್ಡ ಜಾಗವೇ ಇದೆ. ಬೊಂಬಾಯಿಯ ರುಸ್ತುಂ ಜಾಲ್ ವಕೀಲ್ ಅನ್ನುವ ಹೃದಯ ತಜ್ಞರು ಸರ್ಪಗಂಧವನ್ನು ಬಿಪಿ ರೋಗಿಗಳಿಗೆ ಕೊಟ್ಟು ನೋಡಿ, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಜಗತ್ತು ತಿರುಗಿ ನೋಡಿತು. 1952ರಲ್ಲಿ ಅದರ ಬೇರಿನಿಂದ ರೆಸರ್ಪಿನ್ ಅನ್ನುವ ಸಾರ ತೆಗೆದರು. ಎಷ್ಟೋ ವರ್ಷ ಅದೇ ಮಾತ್ರೆಯಾಗಿ ಜನರನ್ನು ಕಾಪಾಡಿತು. ನಮ್ಮ ನೆಲದ ಬೇರು ಅದು, ನನಗೂ ಹೆಮ್ಮೆ.

ಈಗ ಯಾಕೆ ಬೇಡ ಅಂದರೆ, ಅದು ಮಿದುಳಿನ ಮೇಲೂ ಕೆಲಸ ಮಾಡುತ್ತದೆ. ಪ್ರಮಾಣ ಜಾಸ್ತಿ ಆದರೆ ಮನಸ್ಸು ಕುಗ್ಗುತ್ತದೆ, ಬಡಿತ ನಿಧಾನ ಆಗುತ್ತದೆ. ಒಂದು ಬೇರಲ್ಲಿ ಸಾರ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಅಂತ ತೇಯ್ದು ಕೊಡುವಾಗ ಗೊತ್ತಾಗುವುದಿಲ್ಲ. ಜೊತೆಗೆ ಬೇರೆ ಮಾತ್ರೆಯೂ ಇದ್ದರೆ ಬಿಪಿ ಕುಸಿಯಬಹುದು. ಅದಕ್ಕಿಂತ ಒಳ್ಳೆಯ, ಹೃದಯದ ಗೋಡೆಯ ದಪ್ಪವನ್ನೂ ಇಳಿಸುವ ಮಾತ್ರೆಗಳು ಈಗ ಇವೆ. ಅವುಗಳಲ್ಲಿ ಒಂದು ಗುಂಪು, ರಾಮಿಪ್ರಿಲ್, ಎನಾಲಪ್ರಿಲ್ ಇರುವ ಗುಂಪು, ಹುಟ್ಟಿದ್ದು ಬ್ರೆಜಿಲ್‌ನ ಒಂದು ವಿಷದ ಹಾವಿನ ವಿಷದ ಅಧ್ಯಯನದಿಂದ. ಪ್ರಕೃತಿಯಿಂದ ಬಂದ ಮದ್ದೇ. ಅಳೆದು ಕೊಡುವುದನ್ನು ಕಲಿತಿದ್ದೇವೆ.

ತೋಟದಮನೆ

ಗೋಡೆಯ ದಪ್ಪ ಇಳಿಯುತ್ತದಾ? ನಿಜವಾಗಲೂ? ಒಮ್ಮೆ ದಪ್ಪ ಆದ ಮೇಲೆ ಮುಗಿಯಿತು ಅಂದುಕೊಂಡಿದ್ದೆ.

ತಾಲೂಕುಡಾಕ್ಟರ್

ಇಳಿಯುತ್ತದೆ. ಇದನ್ನೇ ಅಪ್ಪನಿಗೆ ಮೊದಲು ಹೇಳಿ. ಭಾರ ಕಡಿಮೆ ಆದರೆ ಸ್ನಾಯು ತೆಳುವಾಗುತ್ತಾ ಬರುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಕು. ನಾರಾಗಿದ್ದು ಪೂರ್ತಿ ಹೋಗುವುದಿಲ್ಲ, ಅದಕ್ಕೇ ಬೇಗ ಶುರು ಮಾಡಬೇಕು. 2002ರಲ್ಲಿ ಬಂದ ಲೈಫ್ ಅಧ್ಯಯನದಲ್ಲಿ ಎಲ್‌ವಿಎಚ್ ಇದ್ದ 9,193 ಜನಕ್ಕೆ ಎರಡು ಬಗೆಯ ಮಾತ್ರೆ ಕೊಟ್ಟು ನೋಡಿದರು. ಬಿಪಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ಆದರೆ ಲೋಸಾರ್ಟಾನ್ ತಗೊಂಡವರಲ್ಲಿ ಎಲ್‌ವಿಎಚ್ ಜಾಸ್ತಿ ಇಳಿಯಿತು, ಪಾರ್ಶ್ವವಾಯು ಕಡಿಮೆ ಆಯಿತು. ಹಾಗಾಗಿ ಯಾವ ಮಾತ್ರೆ ಅನ್ನುವುದೂ ಮುಖ್ಯ. ಅದನ್ನು ನೋಡುವ ಡಾಕ್ಟರು ತೀರ್ಮಾನ ಮಾಡಲಿ.

ಮಾತ್ರೆ ತಗೊಂಡಾಗ ನಾರ್ಮಲ್ ಬಂತು ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಬಿಪಿ ಹೋಯಿತು ಅಂತ ಅಲ್ಲ.

ಸಿಸ್ಟರಮ್ಮ

ಮಗಳೇ, ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿ ರಿಟೈರ್ ಆದವಳು. ಎರಡು ವಿಷಯ ಕೇಳುತ್ತೇನೆ. ಒಂದು, ಅಪ್ಪನಿಗೆ ಮಂಡಿನೋವು ಬೆನ್ನುನೋವು ಇದೆಯಾ? ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಂದು ನುಂಗುತ್ತಾರಾ? ಎರಡು, ಮನೆಯಲ್ಲಿ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ?

ತೋಟದಮನೆ

ಅಮ್ಮನಿಗೆ ಫೋನ್ ಮಾಡಿ ಕೇಳಿದೆ ಸಿಸ್ಟರಮ್ಮ. ಮಂಡಿನೋವಿಗೆ ಡೈಕ್ಲೋಫೆನಾಕ್ ಅಂತೆ. ಕೊಯ್ಲಿನ ಸಮಯದಲ್ಲಿ ದಿನಕ್ಕೆರಡು. ಎರಡು ವರ್ಷದಿಂದ! ಉಪ್ಪು ಸುಮಾರು 32 ದಿನಕ್ಕೆ ಒಂದು ಪ್ಯಾಕೆಟ್. ಮನೆಯಲ್ಲಿ ಉಣ್ಣುವವರು ಮೂರು ಜನ. ಅಪ್ಪೆಮಿಡಿ ಉಪ್ಪಿನಕಾಯಿಗೆ, ಹಲಸಿನ ಉಪ್ಪು ಸೊಳೆಗೆ ಕಲ್ಲುಪ್ಪು ಬೇರೆ ತರುತ್ತಾರೆ.

ಸಿಸ್ಟರಮ್ಮ

ನೋಡು, ನೀನೇ ಲೆಕ್ಕ ಹಾಕು. 1000 ಗ್ರಾಂ, 32 ದಿನ, 3 ಜನ. ಒಬ್ಬರಿಗೆ ದಿನಕ್ಕೆ 10 ಗ್ರಾಂ ಮೇಲಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಸೊಳೆ, ಹಪ್ಪಳ, ಮಜ್ಜಿಗೆ ಮೆಣಸು ಇದರ ಮೇಲೆ. ಉಪ್ಪು ನೀರನ್ನು ಹಿಡಿದಿಡುತ್ತದೆ. ನಾಳದಲ್ಲಿ ನೀರು ಜಾಸ್ತಿ ಆದರೆ ಹೃದಯಕ್ಕೆ ಹೊರೆ ಜಾಸ್ತಿ. ಒಂದೇ ದಿನ ಸಪ್ಪೆ ಅಡುಗೆ ಮಾಡಿದರೆ ಅಪ್ಪ ತಟ್ಟೆ ತಳ್ಳುತ್ತಾರೆ. ಮೊದಲು ಊಟಕ್ಕೆ ಕೂತಾಗ ಉಪ್ಪಿನ ಬಟ್ಟಲು ಎತ್ತಿಡಿ. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಹಾಕುವುದು ಬಿಡಿ. ಸಾರಿಗೆ ಒಂದು ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ, ಹುಳಿ, ಶುಂಠಿ, ಕಾಳುಮೆಣಸು ಏರಿಸಿ. ನಾಲಿಗೆ ಹೊಂದಿಕೊಳ್ಳುತ್ತದೆ.

ಆ ನೋವಿನ ಮಾತ್ರೆಯೂ ದೇಹದಲ್ಲಿ ಉಪ್ಪು ನೀರು ಉಳಿಸುತ್ತದೆ. ಬಿಪಿ ಏರಿಸುತ್ತದೆ, ಬಿಪಿ ಮಾತ್ರೆಯ ಕೆಲಸ ಕೆಡಿಸುತ್ತದೆ, ಕಿಡ್ನಿಗೂ ಪೆಟ್ಟು. ಡಾಕ್ಟರ ಹತ್ತಿರ ಹೋಗುವಾಗ ಆ ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡು ಹೋಗಿ. ಲೋ ಸೋಡಿಯಂ ಉಪ್ಪು ಅಂತ ಬರುತ್ತದಲ್ಲ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟಾನ್ ಥರದ ಮಾತ್ರೆ ತಗೊಳ್ಳುವವರು ಕೇಳದೆ ಬಳಸಬಾರದು.

ಬಿಪಿ ನೋಡುವ ರೀತಿಯೂ ಹೇಳಿಬಿಡುತ್ತೇನೆ, ತಪ್ಪು ಮಾಡುವವರೇ ಜಾಸ್ತಿ. ಮೂತ್ರ ಮಾಡಿ ಬಂದು ಕೂರಬೇಕು. ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ, ಎಲೆಯಡಿಕೆ ಹೊಗೆಸೊಪ್ಪು ಬೇಡ. ಬೆನ್ನಿಗೆ ಒರಗು, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಹಾಕಬಾರದು. ಐದು ನಿಮಿಷ ಸುಮ್ನೆ ಕೂರಬೇಕು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಪಟ್ಟಿ ಅಂಗಿಯ ಮೇಲಲ್ಲ, ಚರ್ಮದ ಮೇಲೆ. ಮಾತಾಡಬಾರದು. ಒಂದೆರಡು ನಿಮಿಷ ಬಿಟ್ಟು ಎರಡು ಸಲ ನೋಡಿ ಎರಡನ್ನೂ ಬರೆಯಿರಿ. ಮನೆಯಲ್ಲಿ 135/85 ದಾಟಿದರೆ ಅದು ಆಸ್ಪತ್ರೆಯ 140/90ಕ್ಕೆ ಸಮ.

ಮಾತ್ರೆಗೆ ದುಡ್ಡಿನ ಚಿಂತೆ ಇದ್ದವರು ಪಿಎಚ್‌ಸಿ, ಸರ್ಕಾರದ 'ನಮ್ಮ ಕ್ಲಿನಿಕ್', ತಾಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಕೇಳಿ. ಪುಕ್ಕಟೆ ಕೊಡುತ್ತಾರೆ. ಎದೆನೋವು ಬಂದಾಗ ತಾಲೂಕು ಆಸ್ಪತ್ರೆಯನ್ನು ದಾಟಿ ದೊಡ್ಡ ಊರಿಗೆ ಓಡಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿಯೇ ಇಸಿಜಿ ತೆಗೆದು, ಬೇಕಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಆ ಹೊತ್ತಲ್ಲಿ ಒಂದೊಂದು ನಿಮಿಷವೂ ಹೃದಯದ ಸ್ನಾಯುವೇ.

ಹಳೇಮೇಷ್ಟ್ರು

ನೋಡಿಸಿಕೊಂಡು ಬಂದೆ. 172/84. ಮೇಲಿನದು ಮಾತ್ರ ಜಾಸ್ತಿ. ಮಾತ್ರೆ ಶುರುವಾಗಿದೆ. ಎರಡು ವಾರಕ್ಕೆ ಮತ್ತೆ ಬರಲು ಹೇಳಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಫ್ರೇಮಿಂಗ್‌ಹ್ಯಾಮ್ ಕತೆ ಹೇಳಿದೆ.

ತೋಟದಮನೆ (ಎರಡು ತಿಂಗಳ ನಂತರ)

ಶಿವಮೊಗ್ಗದಲ್ಲಿ ಹೃದಯ ತಜ್ಞರಿಗೆ ತೋರಿಸಿದೆವು. ಟ್ರೆಡ್‌ಮಿಲ್, ರಕ್ತ ಪರೀಕ್ಷೆ ಆಯಿತು. ಅಡಚಣೆ ಇರುವ ಹಾಗೆ ಕಾಣಲಿಲ್ಲ. ಎರಡು ಔಷಧ ಸೇರಿದ ಒಂದು ಮಾತ್ರೆ ಕೊಟ್ಟಿದ್ದಾರೆ. ಡೈಕ್ಲೋಫೆನಾಕ್ ನಿಲ್ಲಿಸಿದ್ದಾರೆ. ಮಂಡಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಪಾದದ ಹತ್ತಿರ ಸ್ವಲ್ಪ ಊತ ಬಂದಿದೆ. ಅಪ್ಪ "ನೋಡು, ಮಾತ್ರೆಯಿಂದ ಹೃದಯ ಕೆಟ್ಟಿತು" ಅನ್ನುತ್ತಿದ್ದಾರೆ. ನಿಲ್ಲಿಸಬೇಕಾ?

ತಾಲೂಕುಡಾಕ್ಟರ್

ತಾವಾಗೇ ನಿಲ್ಲಿಸುವುದು ಬೇಡ. ಅದರಲ್ಲಿ ಆಮ್ಲೋಡಿಪಿನ್ ಇದ್ದರೆ ಪಾದ ಊದುವುದು ಆ ಮಾತ್ರೆಯ ಗುಣ. ಸಣ್ಣ ನಾಳಗಳು ಹಿಗ್ಗಿ ನೀರು ಕೆಳಗೆ ಜಿನುಗುತ್ತದೆ. ಹೃದಯ ಸೋತ ಊತವೇ ಬೇರೆ. ಅದರ ಜೊತೆ ಏದುಸಿರು ಜಾಸ್ತಿ ಆಗುತ್ತದೆ, ನಾಲ್ಕೈದು ದಿನದಲ್ಲಿ ತೂಕ ಎರಡು ಕೆಜಿ ಏರುತ್ತದೆ, ಮಲಗಲು ಕಷ್ಟ ಆಗುತ್ತದೆ. ಅಪ್ಪನ ತೂಕ ನೋಡಿ. ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಪ್ರಮಾಣ ಇಳಿಸುತ್ತಾರೆ ಅಥವಾ ಮಾತ್ರೆ ಬದಲಿಸುತ್ತಾರೆ. ಅಪ್ಪನಿಗೆ ಬೈಯಬೇಡಿ. ಊತ ನೋಡಿ ಹೆದರುವುದು ಸಹಜ.

ತೋಟದಮನೆ (ಹನ್ನೊಂದು ತಿಂಗಳ ನಂತರ)

ಮತ್ತೆ ಎಕೋ ಆಯಿತು. ಐವಿಎಸ್ 12. ಎಲ್‌ಎ 40. ಇಎಫ್ 60, ಅದೇ. ಬಿಪಿ ಮನೆಯಲ್ಲಿ 126/78 ಆಸುಪಾಸು. ಅಮ್ಮನ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅಪ್ಪನೇ ದಿನಾ ಬರೆಯುತ್ತಿದ್ದಾರೆ. ಎಕೋರೂಮ್ ಅವರೇ, 1 ಮಿ.ಮೀ. ಇಳಿದಿದೆ!

ಎಕೋರೂಮ್

ಬಹಳ ಸಂತೋಷ. ಒಂದು ಮಾತು ಹೇಳಲೇಬೇಕು. 1 ಮಿ.ಮೀ. ಅನ್ನುವುದು ಅಳೆಯುವವರ ಕೈಯಲ್ಲೂ ಹೆಚ್ಚುಕಡಿಮೆ ಆಗಬಹುದು. ಗುರುತನ್ನು ಕೂದಲೆಳೆ ಆಚೆ ಇಟ್ಟರೂ ಅಷ್ಟು ವ್ಯತ್ಯಾಸ ಬರುತ್ತದೆ. ಎಲ್‌ಎಯೂ ಇಳಿದಿದೆ, ಬಿಪಿಯೂ ಇಳಿದಿದೆ, ಎಲ್ಲವೂ ಒಂದೇ ದಿಕ್ಕಿಗೆ ಇದೆ. ಮುಂದಿನ ಸಲವೂ ಅದೇ ಜಾಗದಲ್ಲಿ ಮಾಡಿಸಿ. ಹಳೆಯ ಎರಡು ರಿಪೋರ್ಟನ್ನೂ ಒಯ್ಯಿರಿ. ಅಂದಹಾಗೆ, ಕಲ್ಲಿನ ಮೇಲೆ ಈಗಲೂ ಕೂರುತ್ತಾರಾ?

ತೋಟದಮನೆ

ಹೋದ ವಾರ ಅವರ ಹಿಂದೆಯೇ ನಡೆದುಕೊಂಡು ಬಂದೆ. ಕಲ್ಲಿನ ಹತ್ತಿರ ನಿಂತರು. ಹೆಗಲ ಮೇಲಿನ ಹೊರೆಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿಕೊಂಡರು. "ಬಾ, ಮಳೆ ಬರೋ ಹಾಗಿದೆ" ಅಂತ ಹೇಳಿ ಹತ್ತಿಬಿಟ್ಟರು.